ಮಾರ್ಪಡಿಸಿದ ಟರ್ಬೊ ಎಂಜಿನ್‌ನಲ್ಲಿ ಗಾಳಿ–ಪೆಟ್ರೋಲ್ ಮಿಶ್ರಣದ ದೋಷ ಪತ್ತೆ: 1.8 ಟರ್ಬೊ ಆಕ್ಟೇವಿಯಾವನ್ನು ಮುಂದಿಟ್ಟುಕೊಂಡು

ಭಾರತದಲ್ಲಿ ಮಾರಾಟವಾದ ಹಳೆಯ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಕಾರಿನಲ್ಲಿದ್ದ 1.8 ಲೀಟರ್, 20 ವಾಲ್ವ್‌ಗಳ ಟರ್ಬೊ ಪೆಟ್ರೋಲ್ ಎಂಜಿನ್ ಕಾರ್ಖಾನೆಯಿಂದ ಬರುವಾಗ 150 ಅಶ್ವಶಕ್ತಿಯದಾಗಿತ್ತು. ಈ ಎಂಜಿನ್ ಮಾರ್ಪಾಡಿಗೆ ಚೆನ್ನಾಗಿ ಒಗ್ಗುವುದರಿಂದ ಇಂದು ಉಳಿದಿರುವ ಕಾರುಗಳ ಪೈಕಿ ಹಲವಕ್ಕೆ ದೊಡ್ಡ ಇಂಟರ್‌ಕೂಲರ್, ದೊಡ್ಡ ಇಂಜೆಕ್ಟರ್, ಬೇರೆ ಏರ್ ಫಿಲ್ಟರ್, ರೀಮ್ಯಾಪ್ ಮಾಡಿದ (ಪೆಟ್ರೋಲ್, ಟೈಮಿಂಗ್‌ಗಳ ಕೋಷ್ಟಕಗಳಾದ ಮ್ಯಾಪ್‌ಗಳನ್ನು ಬದಲಿಸಿದ) ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಎಲ್ಲವೂ ಸೇರಿಕೊಂಡಿರುತ್ತವೆ. ಇಂಥ ಕಾರಿನಲ್ಲಿ ಐಡಲ್ ಏರಿಳಿಯುವುದು, ಪಿಕಪ್ ತಡವರಿಸುವುದು, ಸೈಲೆನ್ಸರ್‌ನಿಂದ ಕಪ್ಪು ಹೊಗೆ ಬರುವುದು ಅಥವಾ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಏರುತ್ತಿದ್ದಂತೆ ಎಂಜಿನ್ ಮುಗ್ಗರಿಸುವುದು ಕಂಡುಬಂದರೆ, ಹೆಚ್ಚಿನವರು ಮೊದಲು ಕೈ ಹಾಕುವುದು ಲ್ಯಾಪ್‌ಟಾಪ್‌ಗೆ. ಈ ಕೈಪಿಡಿ ಹೇಳಬೇಕಾದ ಮುಖ್ಯ ಮಾತು ಅದಕ್ಕೆ ವಿರುದ್ಧವಾದದ್ದು: ದೋಷವು ಎಂಜಿನ್‌ನ ಯಾವ ಸ್ಥಿತಿಯಲ್ಲಿ ಕಾಣಿಸುತ್ತದೆ, ಯಾವ ಸ್ಥಿತಿಯಲ್ಲಿ ಮಾಯವಾಗುತ್ತದೆ ಎಂಬುದನ್ನು ಗುರುತಿಸಿಕೊಂಡರೆ ಅದು ಇರುವ ಜಾಗ ತಾನಾಗಿ ಗೊತ್ತಾಗುತ್ತದೆ, ಆ ಜಾಗ ಗೊತ್ತಾಗುವವರೆಗೆ ಇಸಿಯುವಿನ ಮ್ಯಾಪ್‌ನಲ್ಲಿ ಒಂದು ಅಂಕಿಯನ್ನೂ ಬದಲಿಸಬಾರದು. ಹರಿದ ಹೋಸ್ ಒಂದನ್ನು ಹಾಗೇ ಬಿಟ್ಟು ಮ್ಯಾಪ್ ತಿದ್ದಿದರೆ, ಮುಂದೆ ಆ ಹೋಸ್ ಬದಲಾಯಿಸಿದ ದಿನ ಆ ತಿದ್ದುಪಡಿಯೇ ಹೊಸ ದೋಷವಾಗುತ್ತದೆ.

ಮೊದಲು ಒಂದು ಎಚ್ಚರಿಕೆ. ಬೂಸ್ಟ್‌ನಲ್ಲಿ ಮಿಶ್ರಣ ಲೀನ್ ಆಗುತ್ತಿದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗುತ್ತಿಲ್ಲ ಎಂಬ ಅನುಮಾನ ಬಂದ ಕೂಡಲೇ ಆಕ್ಸಿಲರೇಟರನ್ನು ಪೂರ್ತಿ ಒತ್ತುವುದನ್ನು ನಿಲ್ಲಿಸಬೇಕು. ರಿಚ್ ಮಿಶ್ರಣ, ಅಂದರೆ ಪೆಟ್ರೋಲ್ ಹೆಚ್ಚಾದದ್ದು, ಕ್ಯಾಟಲಿಟಿಕ್ ಕನ್ವರ್ಟರನ್ನೂ ಎಂಜಿನ್ ಆಯಿಲನ್ನೂ ನಿಧಾನವಾಗಿ ಕೆಡಿಸುತ್ತದೆ. ಲೀನ್ ಮಿಶ್ರಣವಾದರೋ ನಾಕಿಂಗ್ (ಮಿಶ್ರಣ ಹತೋಟಿ ತಪ್ಪಿ ತಾನಾಗಿ ಸಿಡಿಯುವುದು) ಹುಟ್ಟಿಸಿ ಪಿಸ್ಟನ್‌ನ ರಿಂಗ್ ಕೂರುವ ಅಂಚನ್ನು ಕೆಲವೇ ಸೆಕೆಂಡುಗಳಲ್ಲಿ ಒಡೆಯಬಲ್ಲದು.

ಮೀಟರ್ ನಿಜ ಹೇಳುತ್ತಿದೆಯೇ?

ಕಾರಿನ ಮೂಲ ನ್ಯಾರೋಬ್ಯಾಂಡ್ ಆಕ್ಸಿಜನ್ ಸೆನ್ಸರ್ ಸುಮಾರು 0.1ರಿಂದ 0.9 ವೋಲ್ಟ್‌ಗಳ ನಡುವೆ ಆಡುತ್ತದೆ, 0.45 ವೋಲ್ಟ್ ಆಸುಪಾಸಿನಲ್ಲಿ ದಿಢೀರನೆ ಮಗ್ಗುಲು ಬದಲಿಸುತ್ತದೆ. ಮಿಶ್ರಣ ರಿಚ್ ಆಗಿದೆಯೋ ಲೀನ್ ಆಗಿದೆಯೋ ಎಂಬುದನ್ನಷ್ಟೇ ಅದು ಹೇಳುತ್ತದೆ, ಎಷ್ಟು ಎಂಬುದನ್ನು ಹೇಳುವುದಿಲ್ಲ. ಆದ್ದರಿಂದ ಮಾರ್ಪಡಿಸಿದ ಎಂಜಿನ್‌ಗೆ ಬಾಷ್ ಎಲ್‌ಎಸ್‌ಯು 4.9ರಂಥ ವೈಡ್‌ಬ್ಯಾಂಡ್ ಸೆನ್ಸರ್ ಬೇಕೇ ಬೇಕು. ಅದನ್ನು ಟರ್ಬೊ ಆದ ಮೇಲಿನ ಪೈಪಿನಲ್ಲಿ ಕೂರಿಸಬೇಕು. ಟರ್ಬೊಗೆ ಮೊದಲು ಕೂರಿಸಿದರೆ ಅಲ್ಲಿನ ಶಾಖ ಮತ್ತು ಒತ್ತಡದಿಂದ ಸೆನ್ಸರ್ ಬೇಗ ಹಾಳಾಗುವುದಲ್ಲದೆ ಅಳತೆಯೂ ತಪ್ಪುತ್ತದೆ.

ಮೀಟರ್‌ನಲ್ಲಿ ಗಾಳಿ–ಇಂಧನ ಅನುಪಾತದ ಬದಲು ಲ್ಯಾಮ್ಡಾ ಮೌಲ್ಯವನ್ನೇ (ಪೂರ್ತಿ ಉರಿಯಲು ಬೇಕಾದ ಗಾಳಿಯ ಎಷ್ಟು ಪಟ್ಟು ಗಾಳಿ ಇದೆ ಎಂಬ ಅಂಕಿ; 1ಕ್ಕಿಂತ ಕಡಿಮೆಯಾದರೆ ರಿಚ್, ಹೆಚ್ಚಾದರೆ ಲೀನ್) ಓದುವುದು ಇಂದಿನ ದಿನಗಳಲ್ಲಿ ಸರಿಯಾದ ಕ್ರಮ. ಶುದ್ಧ ಪೆಟ್ರೋಲ್ ಪೂರ್ತಿಯಾಗಿ ಉರಿಯಲು ತೂಕದ ಲೆಕ್ಕದಲ್ಲಿ 14.7 ಪಾಲು ಗಾಳಿ ಬೇಕು. ಶೇಕಡ 20 ಎಥೆನಾಲ್ ಬೆರೆತ ಇ20ಗೆ ಸುಮಾರು 13.5 ಪಾಲು ಸಾಕು. ಮೀಟರ್ ಮಾತ್ರ ಟ್ಯಾಂಕಿನಲ್ಲಿ ಏನಿದೆ ಎಂದು ತಿಳಿಯದೆ ಲ್ಯಾಮ್ಡಾವನ್ನು 14.7ರಿಂದ ಗುಣಿಸಿ ತೋರಿಸುತ್ತಿರುತ್ತದೆ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಇ20 ಮಾರಾಟಕ್ಕೆ ಚಾಲನೆ ಸಿಕ್ಕಿತು, ಆಮೇಲೆ ಅದು ದೇಶದ ಬಂಕುಗಳನ್ನೆಲ್ಲ ವ್ಯಾಪಿಸಿತು. ಹಳೆಯ ಪೆಟ್ರೋಲ್‌ಗೆ ಟ್ಯೂನ್ ಮಾಡಿಸಿ, ನಡುವೆ ಏನನ್ನೂ ಮುಟ್ಟದ ಕಾರಿನಲ್ಲಿ ಈಗ ಎಲ್ಲ ಸ್ಥಿತಿಗಳಲ್ಲೂ ಒಂದೇ ಸಮನಾಗಿ ಶೇಕಡ 4ರಿಂದ 8ರಷ್ಟು ಲೀನ್ ಕಂಡುಬಂದರೆ ಹೋಸ್‌ಗಳನ್ನು ಬಿಚ್ಚುವ ಮೊದಲು ಇದನ್ನು ನೆನಪಿಸಿಕೊಳ್ಳಬೇಕು. ಇದು ಬಿಡಿಭಾಗದ ದೋಷವಲ್ಲ, ಟ್ಯೂನಿಂಗ್‌ನಲ್ಲಿ ಸರಿಪಡಿಸಬೇಕಾದ ನಿಜವಾದ ಬದಲಾವಣೆ.

ವೈಡ್‌ಬ್ಯಾಂಡ್ ಕಂಟ್ರೋಲರ್‌ನಿಂದ ಇಸಿಯುವಿಗೋ ಲಾಗರ್‌ಗೋ 0–5 ವೋಲ್ಟ್ ತಂತಿ ಎಳೆದಿದ್ದರೆ ಅರ್ತಿಂಗ್ ಕೂಡ ನೋಡಬೇಕು. 0 ವೋಲ್ಟ್ ಎಂದರೆ 10, 5 ವೋಲ್ಟ್ ಎಂದರೆ 20 ಎಂಬ ಅಳತೆಯಲ್ಲಿ, ಎರಡು ಅರ್ತ್‌ಗಳ ನಡುವೆ ಬರೀ 0.1 ವೋಲ್ಟ್ ವ್ಯತ್ಯಾಸವಿದ್ದರೂ ಅನುಪಾತ 0.2ರಷ್ಟು ತಪ್ಪಾಗಿ ದಾಖಲಾಗುತ್ತದೆ. ಮೀಟರ್ ಮುಖದ ಮೇಲಿನ ಅಂಕಿಗೂ ಲಾಗ್‌ನಲ್ಲಿರುವ ಅಂಕಿಗೂ ತಾಳೆಯಾಗುವವರೆಗೆ ಮುಂದಿನ ಹೆಜ್ಜೆ ಇಡಬಾರದು.

ಇನ್ನೆರಡು ಸಂದರ್ಭಗಳಲ್ಲಿ ಸೆನ್ಸರ್ ಸರಿಯಿದ್ದರೂ ಅದರ ಓದು ದಾರಿ ತಪ್ಪಿಸುತ್ತದೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಅಥವಾ ಡೌನ್‌ಪೈಪ್‌ನ ಗ್ಯಾಸ್ಕೆಟ್ ಸೋರುತ್ತಿದ್ದರೆ, ಕಡಿಮೆ ವೇಗದಲ್ಲಿ ಹೊರಗಿನ ಗಾಳಿ ಆ ಸಂದಿನಿಂದ ಒಳನುಗ್ಗಿ ಸೆನ್ಸರ್‌ಗೆ ಸುಳ್ಳು ಲೀನ್ ತೋರಿಸುತ್ತದೆ, ಇಸಿಯು ಅದನ್ನು ನಂಬಿ ಪೆಟ್ರೋಲ್ ಹೆಚ್ಚಿಸುತ್ತದೆ. ಎರಡನೆಯದು ಮಿಸ್‌ಫೈರ್. ಸ್ಪಾರ್ಕ್ ಹತ್ತದ ಸಿಲಿಂಡರಿನಿಂದ ಬಳಕೆಯಾಗದ ಆಮ್ಲಜನಕವೆಲ್ಲ ಹೊರಬರುತ್ತದೆ, ಸೆನ್ಸರ್ ಅಳೆಯುವುದು ಆಮ್ಲಜನಕವನ್ನೇ. ಹೀಗಾಗಿ ವಿಪರೀತ ರಿಚ್ ಆಗಿ ಪ್ಲಗ್ ನೆನೆದು ಮಿಸ್‌ಫೈರ್ ಆಗುತ್ತಿರುವ ಎಂಜಿನ್ ಕೂಡ ಮೀಟರ್‌ನಲ್ಲಿ ಲೀನ್ ಎಂದೇ ಕಾಣುತ್ತದೆ. ಪೆಟ್ರೋಲ್ ಹೆಚ್ಚಿಸಿದಷ್ಟೂ ಮುಗ್ಗರಿಕೆ ಹೆಚ್ಚುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ ಪ್ಲಗ್ ಬಿಚ್ಚಬೇಕು. ಬೂಸ್ಟ್ ಏರಿಸಿದ ಎಂಜಿನ್‌ನಲ್ಲಿ ಸಿಲಿಂಡರ್ ಒತ್ತಡ ಹೆಚ್ಚಿರುವುದರಿಂದ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ; ಪ್ಲಗ್ ಗ್ಯಾಪನ್ನು 0.6ರಿಂದ 0.7 ಮಿಲಿಮೀಟರ್‌ಗೆ ಇಳಿಸಿ, ಕಾಯಿಲ್‌ಗಳನ್ನು ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಿ ನೋಡಿದಾಗ ಮಿಸ್‌ಫೈರ್ ಕೋಡ್ ಕಾಯಿಲ್ ಜೊತೆಗೇ ಸಿಲಿಂಡರ್ ಬದಲಿಸಿದರೆ ದೋಷ ಕಾಯಿಲ್‌ನದು.

ಟ್ರಿಮ್ ಓದುವ ಬಗೆ

ಫ್ಯುಯಲ್ ಟ್ರಿಮ್ ಎಂದರೆ ಇಸಿಯು ತನ್ನ ಲೆಕ್ಕಕ್ಕೆ ತಾನೇ ಮಾಡಿಕೊಂಡ ತಿದ್ದುಪಡಿ. ಧನ ಚಿಹ್ನೆ ಇದ್ದರೆ ಲೀನ್ ಕಂಡು ಪೆಟ್ರೋಲ್ ಸೇರಿಸಿದೆ, ಋಣ ಚಿಹ್ನೆ ಇದ್ದರೆ ರಿಚ್ ಕಂಡು ಕಡಿತ ಮಾಡಿದೆ ಎಂದು ಅರ್ಥ. ಪಿ0171 (ಲೀನ್) ಅಥವಾ ಪಿ0172 (ರಿಚ್) ಕೋಡ್ ಬರುವುದು ಈ ತಿದ್ದುಪಡಿ ತನ್ನ ಮಿತಿಯನ್ನು ಮುಟ್ಟಿದಾಗ. ಕೋಡ್ ಬಂದಿಲ್ಲ ಎಂದ ಮಾತ್ರಕ್ಕೆ ಎಲ್ಲವೂ ಸರಿಯಿದೆ ಎಂದಲ್ಲ. ಈ 1.8 ಟರ್ಬೊದಲ್ಲಿ ಸ್ಕ್ಯಾನರ್‌ನ 032ನೇ ಮೆಷರಿಂಗ್ ಬ್ಲಾಕ್ ತೆರೆದರೆ ಐಡಲ್‌ನ ತಿದ್ದುಪಡಿಯನ್ನೂ ಓಡುವಾಗಿನ ತಿದ್ದುಪಡಿಯನ್ನೂ ಬೇರೆ ಬೇರೆಯಾಗಿ ನೋಡಬಹುದು. ಮಿಶ್ರಣದ ದೋಷ ಹುಡುಕುವವರಿಗೆ ಇದಕ್ಕಿಂತ ಬೆಲೆಬಾಳುವ ಪರದೆ ಇನ್ನೊಂದಿಲ್ಲ.

ಇದರ ಹಿಂದಿನ ಲೆಕ್ಕ ಸರಳ. ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲಿ ಒಂದು ಸಣ್ಣ ತೂತಿದ್ದು, ಅದರಿಂದ ಮ್ಯಾಫ್ ಸೆನ್ಸರ್ (ಏರ್ ಫಿಲ್ಟರ್ ಬಳಿ ಒಳಬರುವ ಗಾಳಿಯ ತೂಕ ಅಳೆಯುವ ಸೆನ್ಸರ್) ಲೆಕ್ಕಕ್ಕೆ ಸಿಗದ ಗಾಳಿ ಸೆಕೆಂಡಿಗೆ 0.5 ಗ್ರಾಂ ಒಳಬರುತ್ತಿದೆ ಎಂದಿಟ್ಟುಕೊಳ್ಳೋಣ. ಐಡಲ್‌ನಲ್ಲಿ ಮ್ಯಾಫ್ ಅಳೆಯುವುದು ಸುಮಾರು 3 ಗ್ರಾಂ. ಹಾಗಾಗಿ ಅಲ್ಲಿ ದೋಷ ಶೇಕಡ 17ರ ಸಮೀಪ. ಹೆದ್ದಾರಿಯಲ್ಲಿ ಸಮವೇಗದಲ್ಲಿ 15 ಗ್ರಾಂ ಹರಿಯುವಾಗ ಅದೇ ತೂತಿನ ಪರಿಣಾಮ ಶೇಕಡ 3ರಷ್ಟೇ. ಬೂಸ್ಟ್ ಬಂದಾಗ ಚಿತ್ರವೇ ತಿರುಗಿಬೀಳುತ್ತದೆ: ಮ್ಯಾನಿಫೋಲ್ಡ್ ಒಳಗೆ ಒತ್ತಡ ಹೆಚ್ಚಿದ್ದರಿಂದ ಈಗಾಗಲೇ ಅಳೆದ ಗಾಳಿ ಅದೇ ತೂತಿನಿಂದ ಹೊರಗೆ ಹೋಗುತ್ತದೆ, ಇಸಿಯು ಇಲ್ಲದ ಗಾಳಿಗೂ ಪೆಟ್ರೋಲ್ ಹಾಕುತ್ತದೆ, ಮಿಶ್ರಣ ರಿಚ್ ಆಗುತ್ತದೆ. ಐಡಲ್‌ನಲ್ಲಿ ಲೀನ್, ಸಮವೇಗದಲ್ಲಿ ಬಹುತೇಕ ಸರಿ, ಬೂಸ್ಟ್‌ನಲ್ಲಿ ರಿಚ್ ಎಂಬ ಈ ಮೂರೂ ಒಟ್ಟಿಗೆ ಕಂಡರೆ ಸೋರಿಕೆ ಥ್ರಾಟಲ್‌ಗಿಂತ ಆಚೆ, ಅಂದರೆ ಎಂಜಿನ್ ಕಡೆಗೆ, ಇದೆ ಎಂದು ಧೈರ್ಯವಾಗಿ ಹೇಳಬಹುದು.

ಸೋರಿಕೆ ಟರ್ಬೊ ಮತ್ತು ಥ್ರಾಟಲ್ ನಡುವೆ, ಅಂದರೆ ಇಂಟರ್‌ಕೂಲರ್ ಪೈಪುಗಳಲ್ಲಿದ್ದರೆ ಐಡಲ್ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ, ಬೂಸ್ಟ್‌ನಲ್ಲಿ ಮಾತ್ರ ರಿಚ್ ಆಗುತ್ತದೆ, ಜೊತೆಗೆ ಟರ್ಬೊ ಬೇಕಾದುದಕ್ಕಿಂತ ಹೆಚ್ಚು ತಿರುಗುತ್ತ ಕೆಲವೊಮ್ಮೆ ಪಿ0299 (ಬೂಸ್ಟ್ ಸಾಲದು) ಕೋಡ್ ಕೂಡ ಬರುತ್ತದೆ. ಮ್ಯಾಫ್ ಮತ್ತು ಟರ್ಬೊ ಬಾಯಿಯ ನಡುವಿನ ರಬ್ಬರ್ ಹೋಸ್ ಹರಿದಿದ್ದರೆ, ಅಲ್ಲಿ ಯಾವಾಗಲೂ ಎಳೆತವೇ ಇರುವುದರಿಂದ ಎಂಜಿನ್ ಬೂಸ್ಟ್‌ನಲ್ಲೂ ಲೀನ್ ಆಗಿಯೇ ಇರುತ್ತದೆ. ಈ ಮೂರರಲ್ಲಿ ಅತಿ ಅಪಾಯಕಾರಿ ಈ ಕೊನೆಯದು, ಏಕೆಂದರೆ ಗಾಳಿ ಕಡಿಮೆ ಎಂದುಕೊಂಡ ಇಸಿಯು ಪೆಟ್ರೋಲನ್ನು ಕಡಿಮೆ ಕೊಡುವುದಲ್ಲದೆ, ಲೋಡ್ ಕಡಿಮೆ ಎಂದೂ ಭಾವಿಸಿ ಇಗ್ನಿಷನ್ ಟೈಮಿಂಗನ್ನು ಮುಂದಕ್ಕೆ ತಳ್ಳುತ್ತದೆ, ಅಂದರೆ ಕಿಡಿಯನ್ನು ಬೇಗ ಹಾರಿಸುತ್ತದೆ. ನಾಕಿಂಗ್‌ಗೆ ಬೇಕಾದ ಎರಡೂ ಕಾರಣಗಳು ಒಂದೇ ಹರಿದ ಹೋಸ್‌ನಿಂದ ಒಟ್ಟಿಗೆ ಹುಟ್ಟುತ್ತವೆ.

ಮ್ಯಾಫ್ ತೆಗೆದು ಮ್ಯಾಪ್ ಸೆನ್ಸರ್ (ಇಸಿಯುವಿನ ಮ್ಯಾಪ್ ಅಲ್ಲ, ಮ್ಯಾನಿಫೋಲ್ಡ್ ಒತ್ತಡ ಅಳೆಯುವ ಸೆನ್ಸರ್) ಆಧಾರದ ಮೇಲೆ ನಡೆಯುವ ಸ್ಟ್ಯಾಂಡ್‌ಅಲೋನ್ ಇಸಿಯು, ಅಂದರೆ ಮೂಲದ ಬದಲಿಗೆ ಕೂರಿಸುವ ಬೇರೆ ಇಸಿಯು, ಹಾಕಿದ್ದರೆ ಈ ತರ್ಕ ಹಾಗೆಯೇ ಅನ್ವಯಿಸುವುದಿಲ್ಲ. ಅಲ್ಲಿ ಮ್ಯಾನಿಫೋಲ್ಡ್ ಒತ್ತಡವನ್ನೇ ಅಳೆಯುವುದರಿಂದ ಸೋರಿ ಬಂದ ಗಾಳಿಯೂ ಲೆಕ್ಕಕ್ಕೆ ಸೇರುತ್ತದೆ. ಮಿಶ್ರಣ ಹೆಚ್ಚು ಕೆಡದೆ ಐಡಲ್ ಆರ್‌ಪಿಎಂ ಮಾತ್ರ ಏರಿ ನಿಲ್ಲುತ್ತದೆ. ಥ್ರಾಟಲ್ ಕೋನವನ್ನಷ್ಟೇ ನೆಚ್ಚಿದ ಟ್ಯೂನಿಂಗ್ ಆಗಿದ್ದರೆ ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಸಮುದ್ರಮಟ್ಟದ ಮಂಗಳೂರಿನಲ್ಲಿ ಟ್ಯೂನ್ ಮಾಡಿದ ಅಂಥ ಕಾರು ಸುಮಾರು 900 ಮೀಟರ್ ಎತ್ತರದ ಬೆಂಗಳೂರಿಗೆ ಬಂದಾಗ, ವಾಯುಒತ್ತಡದ ತಿದ್ದುಪಡಿ ಇಲ್ಲದಿದ್ದರೆ, ಶೇಕಡ 10ರ ಆಸುಪಾಸು ರಿಚ್ ಓಡುತ್ತದೆ.

ಸೋರಿಕೆಯನ್ನು ಕಣ್ಣಿಗೆ ಕಾಣುವಂತೆ ಮಾಡುವುದು

ಹೋಸ್‌ಗಳನ್ನು ಮೇಲಿಂದ ನೋಡಿ ಸರಿಯಿವೆ ಎನ್ನುವುದು ಪರೀಕ್ಷೆಯಲ್ಲ. ಈ ಎಂಜಿನ್‌ನ ಇನ್‌ಟೇಕ್ ಮ್ಯಾನಿಫೋಲ್ಡ್ ಅಡಿಯಲ್ಲಿ ಹಾದುಹೋಗುವ ಕ್ರ್ಯಾಂಕ್‌ಕೇಸ್ ಬ್ರೀದರ್ ಹೋಸ್‌ಗಳು ಅದಕ್ಕೆ ಉತ್ತಮ ಉದಾಹರಣೆ. ವರ್ಷಗಟ್ಟಲೆ ಆಯಿಲ್ ಆವಿ ಕುಡಿದ ರಬ್ಬರ್ ಊದಿಕೊಂಡು ಮೆತ್ತಗಾಗಿರುತ್ತದೆ. ಮೇಲ್ಭಾಗ ಕಪ್ಪಗೆ ನುಣ್ಣಗೆ ಇದ್ದರೂ ಬಾಗಿದ ಕಡೆಯ ಒಳಮಗ್ಗುಲಲ್ಲಿ ಬೆರಳಿಟ್ಟು ಒತ್ತಿದರೆ ಒಂದು ಅಂಗುಲದ ಸೀಳು ತುಟಿಯಂತೆ ಬಾಯಿ ಬಿಡುತ್ತದೆ, ಬೆರಳಿಗೆ ಕಪ್ಪು ಜಿಡ್ಡು ಅಂಟುತ್ತದೆ. ಬೆರಳು ಹೋಗದ ಜಾಗಕ್ಕೆ ಸಣ್ಣ ಕನ್ನಡಿ ಹಿಡಿಯಬೇಕು. ಇಂಟರ್‌ಕೂಲರ್ ಪೈಪುಗಳಲ್ಲಾದರೆ ಹೋಸ್ ಕ್ಲಿಪ್‌ಗಳ ಸುತ್ತ ಆಯಿಲ್ ಮಂಜಿನಂತೆ ಕುಳಿತು, ಅದರ ಮೇಲೆ ದೂಳು ಮೆತ್ತಿಕೊಂಡಿರುವ ಜಾಗವೇ ಸೋರುವ ಜಾಗ.

ಖಚಿತಪಡಿಸಿಕೊಳ್ಳಲು ಒತ್ತಡ ಪರೀಕ್ಷೆ ಮಾಡಬೇಕು. ಟರ್ಬೊ ಬಾಯಿಯ ಹೋಸ್‌ಗೆ ಸರಿಹೊಂದುವ ಪಿವಿಸಿ ಮುಚ್ಚಳಕ್ಕೆ ಟೈರ್ ವಾಲ್ವ್ ಒಂದನ್ನು ಕೂರಿಸಿ, ಎಂಜಿನ್ ಆರಿ ತಣ್ಣಗಾದ ಮೇಲೆ, ರೆಗ್ಯುಲೇಟರ್ ಇರುವ ಕಂಪ್ರೆಸರ್‌ನಿಂದ ಗಾಳಿ ಬಿಡಬೇಕು. ಕ್ರ್ಯಾಂಕ್‌ಕೇಸ್‌ಗೆ ಹೋಗುವ ಬ್ರೀದರ್ ದಾರಿಯನ್ನು ಮೊದಲೇ ಬಿಚ್ಚಿ ಬಿರಡೆ ಹಾಕದಿದ್ದರೆ ಆ ಒತ್ತಡ ಆಯಿಲ್ ಸೀಲ್‌ಗಳ ಮೇಲೆ ಬೀಳುತ್ತದೆ. 0.3 ಬಾರ್‌ನಿಂದ ಆರಂಭಿಸಿ ನಿಧಾನವಾಗಿ 0.7 ಬಾರ್‌ವರೆಗೆ ಏರಿಸುತ್ತ ಪ್ರತಿ ಕೀಲಿಗೂ ಸೋಪಿನ ನೀರು ಹಚ್ಚುತ್ತ ಹೋದರೆ ಗುಳ್ಳೆಗಳು ಜಾಗ ತೋರಿಸುತ್ತವೆ. ಮುಚ್ಚಳ ಕಳಚಿ ಹಾರಬಹುದಾದ್ದರಿಂದ ಅದರ ನೇರಕ್ಕೆ ಮುಖವೊಡ್ಡಬಾರದು. ಸೈಲೆನ್ಸರ್ ಕಡೆಯಿಂದ ಕೇಳುವ ಸಣ್ಣ ಸುಯ್ಯೆನ್ನುವ ಸದ್ದು ತೆರೆದಿರುವ ವಾಲ್ವ್‌ಗಳದು, ಅದಕ್ಕೆ ಗಾಬರಿಯಾಗಬೇಕಿಲ್ಲ. ಓಡುತ್ತಿರುವ ಎಂಜಿನ್ ಮೇಲೆ ಕಾರ್ಬ್ ಕ್ಲೀನರ್ ಸಿಂಪಡಿಸಿ ಸೋರಿಕೆ ಹುಡುಕುವ ರೂಢಿ ಗ್ಯಾರೇಜುಗಳಲ್ಲಿ ಇದೆ. ಕೆಂಪಗೆ ಕಾದ ಟರ್ಬೊ ಪಕ್ಕದಲ್ಲಿ ಅದು ಬೆಂಕಿಗೆ ಆಹ್ವಾನ ಕೊಟ್ಟಂತೆ, ಅದನ್ನು ನಾನು ಯಾರಿಗೂ ಸೂಚಿಸಲಾರೆ.

ಇದೇ ದಾರಿಯಲ್ಲಿರುವ ಡೈವರ್ಟರ್ ವಾಲ್ವ್ ಬಗ್ಗೆ ಒಂದು ಮಾತು. ಮೂಲ ವ್ಯವಸ್ಥೆಯಲ್ಲಿ, ಆಕ್ಸಿಲರೇಟರ್ ಬಿಟ್ಟಾಗ ಉಳಿದ ಬೂಸ್ಟ್ ಮತ್ತೆ ಟರ್ಬೊ ಬಾಯಿಗೇ ಮರಳುತ್ತದೆ. ಸದ್ದಿನ ಆಸೆಗೆ ಅದನ್ನು ಹೊರಗೆ ಬಿಡುವ ವಾಲ್ವ್ ಹಾಕಿಸಿಕೊಂಡರೆ ಆಗಲೇ ಅಳೆದ ಗಾಳಿ ಆಚೆ ಹೋಗಿ, ಪ್ರತಿ ಗೇರ್ ಬದಲಾವಣೆಯಲ್ಲಿ ಕ್ಷಣಕಾಲ ಮಿಶ್ರಣ ರಿಚ್ ಆಗುತ್ತದೆ. ಸಿಗ್ನಲ್‌ಗೆ ಬಂದು ನಿಂತಾಗ ಎಂಜಿನ್ ಆರಿಹೋಗುವುದೂ ಉಂಟು. ಮ್ಯಾಫ್ ಇರುವ ಎಂಜಿನ್‌ಗೆ ಅಂಥ ವಾಲ್ವ್ ಹಾಕಲೇಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಮ್ಯಾಫ್ ಮತ್ತು ಇತರ ಸೆನ್ಸರ್‌ಗಳು

ಸೋರಿಕೆ ಇಲ್ಲವೆಂದು ಖಚಿತವಾದ ಮೇಲೆ ಮ್ಯಾಫ್ ಕಡೆ ತಿರುಗಬೇಕು. ಪೂರ್ಣ ಥ್ರಾಟಲ್‌ನಲ್ಲಿ ಅದರ ಗರಿಷ್ಠ ಓದು, ಸೆಕೆಂಡಿಗೆ ಗ್ರಾಂಗಳಲ್ಲಿ, ಅಶ್ವಶಕ್ತಿಯ ಸುಮಾರು 0.8 ಪಟ್ಟು ಇರುತ್ತದೆ. 150 ಅಶ್ವಶಕ್ತಿಗೆ 120 ಗ್ರಾಂ ಆಸುಪಾಸು. ಮಾರ್ಪಡಿಸಿದ ಎಂಜಿನ್‌ನಲ್ಲಿ ಇದು 90 ದಾಟದಿದ್ದರೆ ಮ್ಯಾಫ್‌ನ ಬಿಸಿ ಪದರದ ಮೇಲೆ ಕೊಳೆ ಕುಳಿತಿರಬಹುದು. ಆಯಿಲ್ ಹಾಕಿ ಬಳಸುವ ಹತ್ತಿ ಫಿಲ್ಟರ್‌ಗೆ ಆಯಿಲ್ ಅತಿಯಾದರೆ ಹೀಗಾಗುತ್ತದೆ. ಮ್ಯಾಫ್‌ಗೆಂದೇ ಸಿಗುವ ಕ್ಲೀನರ್‌ನಿಂದ ತೊಳೆಯಬೇಕು, ಬಟ್ಟೆಯಾಗಲಿ ಬ್ರಷ್ ಆಗಲಿ ತಾಗಿಸಬಾರದು.

ಮ್ಯಾಫ್ ಕೊಳವೆಯನ್ನೇ ದೊಡ್ಡದು ಮಾಡಿದ್ದರೆ ಲೆಕ್ಕ ಬೇರೆ. ಒಳವ್ಯಾಸ 60ರಿಂದ 70 ಮಿಲಿಮೀಟರ್ ಆದಾಗ ವಿಸ್ತೀರ್ಣ 1.36 ಪಟ್ಟಾಗುತ್ತದೆ, ಇಸಿಯುವಿಗೆ ಹೊಸ ಅಳತೆ ತಿಳಿಸದಿದ್ದರೆ ಅದು ನಿಜವಾದ ಗಾಳಿಯ ಶೇಕಡ 73ನ್ನಷ್ಟೇ ಕಾಣುತ್ತದೆ. ದೊಡ್ಡ ಇಂಜೆಕ್ಟರ್‌ಗಳಿಂದ ಈ ಕೊರತೆಯನ್ನು ತುಂಬಿಸಿಕೊಳ್ಳಬಹುದು ಎಂಬ ಹಳೆಯ ಉಪಾಯ ಮಿಶ್ರಣವನ್ನು ಸರಿದೂಗಿಸಬಹುದು, ಆದರೆ ಮೇಲೆ ಹೇಳಿದ ಟೈಮಿಂಗ್ ಅಪಾಯ ಹಾಗೆಯೇ ಉಳಿಯುತ್ತದೆ.

ಬಿಸಿಯಾದ ಎಂಜಿನ್ ಸದಾ ರಿಚ್ ಓಡುತ್ತಿದ್ದರೆ ಕೂಲಂಟ್ ತಾಪಮಾನದ ಸೆನ್ಸರ್ ನೋಡಿ. ಎಂಜಿನ್ 90 ಡಿಗ್ರಿಯಲ್ಲಿದ್ದಾಗ ಸ್ಕ್ಯಾನರ್ 30 ತೋರಿಸುತ್ತಿದ್ದರೆ ಇಸಿಯು ಇನ್ನೂ ಬೆಳಗಿನ ತಣ್ಣನೆಯ ಎಂಜಿನ್‌ಗೆ ಕೊಡುವಷ್ಟು ಪೆಟ್ರೋಲ್ ಕೊಡುತ್ತಿದೆ ಎಂದರ್ಥ.

ಪೆಟ್ರೋಲ್ ಬರುವ ದಾರಿ

ಐಡಲ್ ಮತ್ತು ಸಮವೇಗದ ಟ್ರಿಮ್‌ಗಳು ಸರಿಯಿದ್ದು, ಮೇಲಿನ ಆರ್‌ಪಿಎಂನಲ್ಲಿ ಬೂಸ್ಟ್ ಜೊತೆ ಮಾತ್ರ ಲೀನ್ ಆಗುತ್ತಿದ್ದರೆ ದೋಷ ಬಹುಮಟ್ಟಿಗೆ ಪೆಟ್ರೋಲ್ ಪೂರೈಕೆಯಲ್ಲಿದೆ. ಈ ಎಂಜಿನ್‌ನ ರೆಗ್ಯುಲೇಟರ್ ಇಂಜೆಕ್ಟರ್‌ನ ಎರಡೂ ಬದಿಗಳ ನಡುವೆ 3 ಬಾರ್ ವ್ಯತ್ಯಾಸವನ್ನು ಕಾಯಬೇಕು. ವ್ಯಾಕ್ಯೂಮ್ ಹೋಸ್ ಬಿಚ್ಚಿದಾಗ ಗೇಜ್‌ನಲ್ಲಿ 3 ಬಾರ್, ಐಡಲ್‌ನಲ್ಲಿ ಹೋಸ್ ಸಿಕ್ಕಿಸಿದಾಗ ಸುಮಾರು 2.5 ಬಾರ್, 1 ಬಾರ್ ಬೂಸ್ಟ್‌ನಲ್ಲಿ 4 ಬಾರ್ ಕಾಣಬೇಕು. ಆ ಕೊನೆಯ ಸ್ಥಿತಿಯಲ್ಲಿ ಗೇಜ್ 3.5ಕ್ಕೇ ನಿಂತರೆ ಇಂಜೆಕ್ಟರ್‌ಗೆ ಸಿಗುವ ವ್ಯತ್ಯಾಸ 2.5 ಬಾರ್, ಹರಿವು ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿರುವುದರಿಂದ ಪೆಟ್ರೋಲ್ ಶೇಕಡ 9ರಷ್ಟು ಕಡಿಮೆಯಾಗಿ, 0.80 ಇರಬೇಕಾದ ಲ್ಯಾಮ್ಡಾ 0.88ಕ್ಕೆ ಏರುತ್ತದೆ. ಹಾಗಾದಾಗ ಪಂಪ್ ಬದಲಿಸುವ ಮೊದಲು, ಎಂಜಿನ್ ಮೇಲೆ ಲೋಡ್ ಇರುವಾಗ ಪಂಪ್‌ನ ಸಾಕೆಟ್ಟಿನಲ್ಲೇ ವೋಲ್ಟೇಜ್ ಅಳೆಯಬೇಕು. ದೊಡ್ಡ ಪಂಪ್ ಹಾಕಿ ಹಳೆಯ ತೆಳು ತಂತಿಯನ್ನೇ ಉಳಿಸಿಕೊಂಡ ಕಾರುಗಳಲ್ಲಿ ಬ್ಯಾಟರಿಯಲ್ಲಿ 13.8 ವೋಲ್ಟ್ ಇದ್ದರೂ ಪಂಪ್‌ಗೆ 11.5 ಮಾತ್ರ ತಲುಪುತ್ತಿರುತ್ತದೆ. ಆಮೇಲೆ ಫಿಲ್ಟರ್, ಕೊನೆಗೆ ಪಂಪ್.

ಒತ್ತಡ ಸರಿಯಿದ್ದರೂ ಲೀನ್ ಆದರೆ ಇಂಜೆಕ್ಟರ್ ತೆರೆದಿರುವ ಅವಧಿ ನೋಡಬೇಕು. 6000 ಆರ್‌ಪಿಎಂನಲ್ಲಿ ಒಂದು ಪೂರ್ಣ ಆವರ್ತಕ್ಕೆ ಸಿಗುವ ಸಮಯ 20 ಮಿಲಿಸೆಕೆಂಡು. ಲಾಗ್‌ನಲ್ಲಿ 17 ಮಿಲಿಸೆಕೆಂಡು ಕಂಡರೆ ಇಂಜೆಕ್ಟರ್ ಶೇಕಡ 85ರಷ್ಟು ಹೊತ್ತು ತೆರೆದಿದೆ, ಅದಕ್ಕಿಂತ ಮುಂದೆ ಹೋಗುವುದು ಜಾಣತನವಲ್ಲ. ದೊಡ್ಡ ಇಂಜೆಕ್ಟರ್ ಹಾಕಿದ ನಂತರ ಎಲ್ಲ ಸ್ಥಿತಿಗಳಲ್ಲೂ ದೋಷ ಒಂದೇ ಪ್ರಮಾಣದಲ್ಲಿದ್ದರೆ ಟ್ಯೂನಿಂಗ್‌ನಲ್ಲಿ ನಮೂದಿಸಿದ ಇಂಜೆಕ್ಟರ್ ಗಾತ್ರ ತಪ್ಪು. ಐಡಲ್‌ನಲ್ಲಿ ಮಾತ್ರ ದೋಷ ದೊಡ್ಡದಾಗಿದ್ದು, ಹೆಡ್‌ಲೈಟ್ ಮತ್ತು ಎಸಿ ಹಾಕಿ ವೋಲ್ಟೇಜ್ ಇಳಿದಾಗ ಅದು ಬದಲಾಗುತ್ತಿದ್ದರೆ ಇಂಜೆಕ್ಟರ್ ತೆರೆಯಲು ತಗಲುವ ಸಮಯದ ಕೋಷ್ಟಕ ತಪ್ಪು. ಐಡಲ್‌ನಲ್ಲಿ ಇಡೀ ಪಲ್ಸ್ ಎರಡು–ಮೂರು ಮಿಲಿಸೆಕೆಂಡುಗಳಷ್ಟೇ ಇರುವುದರಿಂದ ಅಲ್ಲಿ 0.2 ಮಿಲಿಸೆಕೆಂಡಿನ ತಪ್ಪೂ ಎದ್ದು ಕಾಣುತ್ತದೆ.

ನೇರವಾಗಿ ಸಿಲಿಂಡರ್‌ಗೆ ಪೆಟ್ರೋಲ್ ಚಿಮ್ಮಿಸುವ ಇತ್ತೀಚಿನ ಟಿಎಸ್‌ಐ ಎಂಜಿನ್‌ಗಳಲ್ಲಿ ರೇಲ್ ಒತ್ತಡ ನೂರು ಬಾರ್ ದಾಟುವುದರಿಂದ ಗೇಜ್ ಜೋಡಿಸುವ ಸಾಹಸ ಬೇಡ. ಸ್ಕ್ಯಾನರ್‌ನಲ್ಲಿ ಇಸಿಯು ಕೇಳಿದ ಒತ್ತಡ ಮತ್ತು ನಿಜವಾಗಿ ಸಿಕ್ಕ ಒತ್ತಡ ಎರಡನ್ನೂ ಒಟ್ಟಿಗೆ ದಾಖಲಿಸಿದರೆ ಸಾಕು.

ರಿಪೇರಿ ಆದ ಮೇಲೆ

ಹಳೆಯ ಟ್ರಿಮ್‌ಗಳನ್ನು ಅಳಿಸದೆ ಪರೀಕ್ಷಾ ಓಟಕ್ಕೆ ಹೊರಡಬಾರದು, ಏಕೆಂದರೆ ಸೋರಿಕೆಗೆಂದು ಕಲಿತ ಹೆಚ್ಚುವರಿ ಪೆಟ್ರೋಲನ್ನು ಇಸಿಯು ಬೂಸ್ಟ್‌ನಲ್ಲೂ ಮುಂದುವರಿಸುತ್ತಿರುತ್ತದೆ. ಟ್ರಿಮ್ ಅಳಿಸಿ, ಎಂಜಿನ್ ಪೂರ್ತಿ ಬಿಸಿಯಾಗುವವರೆಗೆ ಐಡಲ್‌ನಲ್ಲೂ ಸಮವೇಗದಲ್ಲೂ ಓಡಿಸಿ, ಎರಡೂ ತಿದ್ದುಪಡಿಗಳು ಶೇಕಡ 5ರ ಒಳಗೆ ನೆಲೆನಿಂತ ಮೇಲೆಯೇ ಡೈನೊ (ನಿಂತಲ್ಲೇ ಚಕ್ರ ತಿರುಗಿಸಿ ಎಂಜಿನ್ ಶಕ್ತಿ ಅಳೆಯುವ ಯಂತ್ರ) ಮೇಲೆ ಏರಿಸಬೇಕು. ಪೂರ್ಣ ಥ್ರಾಟಲ್ ಪರೀಕ್ಷೆಯನ್ನು ಸಾರ್ವಜನಿಕ ರಸ್ತೆಯಲ್ಲಿ ಮಾಡುವಂತಿಲ್ಲ. ಡೈನೊ ಮೇಲೆ ಆರ್‌ಪಿಎಂ, ಮ್ಯಾನಿಫೋಲ್ಡ್ ಒತ್ತಡ, ಮ್ಯಾಫ್, ಲ್ಯಾಮ್ಡಾ, ಇಂಜೆಕ್ಟರ್ ಅವಧಿ, ಗಾಳಿಯ ತಾಪಮಾನ ಮತ್ತು ನಾಕ್ ಕಂಡಾಗ ಇಸಿಯು ಹಿಂದಕ್ಕೆಳೆದ ಟೈಮಿಂಗ್, ಇಷ್ಟನ್ನೂ ಒಂದೇ ಲಾಗ್‌ನಲ್ಲಿ ಹಿಡಿಯಬೇಕು. ಬೂಸ್ಟ್ ತುಂಬಿದಾಗ ಲ್ಯಾಮ್ಡಾ 0.78ರಿಂದ 0.85ರ ನಡುವೆ ಅಲುಗದೆ ನಿಂತರೆ ಮಿಶ್ರಣ ಸರಿಯಿದೆ. ಕಾರು ಬಹುಕಾಲ ರಿಚ್ ಓಡಿದ್ದರೆ ಡೈನೊಗೆ ಮೊದಲು ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಬೇಕು: ಪೆಟ್ರೋಲ್ ವಾಸನೆ ಬಂದರೆ ಆಯಿಲ್ ತೆಳುವಾಗಿದೆ, ಟರ್ಬೊ ಬೇರಿಂಗ್‌ಗಳು ಅದನ್ನೇ ನಂಬಿಕೊಂಡಿವೆ, ಆದ್ದರಿಂದ ಆಯಿಲ್ ಮತ್ತು ಆಯಿಲ್ ಫಿಲ್ಟರ್ ಎರಡನ್ನೂ ಬದಲಾಯಿಸಿಯೇ ಪರೀಕ್ಷೆ ಆರಂಭಿಸಬೇಕು.